ಅಲಂಕಾರದ ಬಹುಮಾನ

ಸೆಪ್ಟೆಂಬರ್ 21, ಭಾನುವಾರ

ಪರಮಶಿವಪ್ಪ ಮೇಷ್ಟ್ರನ್ನು ನಾನು ಸುಮ್ಮನೆ ಬಿಡುವುದಿಲ್ಲ. ಮೊದಲು ಇದನ್ನು ಬರೆದಿಡುತ್ತೇನೆ, ಉಳಿದದ್ದು ಆಮೇಲೆ.

ಇವತ್ತು ಶಿಕಾರಿಪುರದಲ್ಲಿ ಕಿರುಚಿತ್ರ ಸ್ಪರ್ಧೆ ಇತ್ತು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಹುಡುಗರು ತೆಗೆದ ಸಿನಿಮಾಗಳು. ನಮ್ಮದು ‘ಕೆರೆಯೊಳಗಿನ ಹೋರಿ’. ಕಥೆ ನನ್ನದು. ಎಡಿಟಿಂಗು ಚಿಕ್ಕಪ್ಪನ ಮಗಳು ಶಾಲಿನಿಯದು, ಎಲ್ಲಾ ಮೊಬೈಲಿನಲ್ಲೇ. ಹೋರಿಯನ್ನು ನಾನೇ ಕಟ್ಟಿದ್ದೆ, ಬಿದಿರು, ಗೋಣಿಚೀಲ, ಹಳೇ ಫ್ಲೆಕ್ಸು, ಸೈಕಲ್ ಟ್ಯೂಬು ಸೇರಿಸಿ. ಒಳಗೆ ಇಬ್ಬರು ಹೊಕ್ಕು ನಡೆಯಬೇಕು. ಕೆರೆಯಲ್ಲಿ ಮುಳುಗಿ ಸತ್ತ ಹೋರಿ ದೀಪಾವಳಿಗೆ ಎದ್ದು ಬರುತ್ತದೆ. ಅವತ್ತು ತನ್ನ ಹಗ್ಗ ಬಿಟ್ಟವನನ್ನು ಹುಡುಕಿ ಕೊಂಬಿನಲ್ಲಿ ಎತ್ತಿ ನೀರಿಗೆ ಒಗೆಯುತ್ತದೆ. ಅಷ್ಟೇ ಕಥೆ.

ಅದು ನೀರಿನಿಂದ ತಲೆ ಎತ್ತುವಾಗ ಇಡೀ ಹಾಲ್‌ನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಹಿಂದೆ ಕೂತ ಹೆಂಗಸೊಬ್ಬರು ‘ಅಯ್ಯಯ್ಯಪ್ಪಾ’ ಅಂದರು. ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಫಸ್ಟ್ ಪ್ರೈಜ್ ಗುರುಪ್ರಕಾಶನಿಗೆ. ಅವರಪ್ಪನದು ಪೇಟೆಯಲ್ಲಿ ಗೊಬ್ಬರದ ಅಂಗಡಿ, ಕ್ಯಾಮೆರಾ ಶಿವಮೊಗ್ಗದಿಂದ ಬಾಡಿಗೆಗೆ ತರಿಸಿದ್ದ. ಸಿನಿಮಾದಲ್ಲಿ ಒಂದು ಹಳೇ ಮನೆ, ಒಬ್ಬ ಅಜ್ಜ, ಒಬ್ಬ ಅಜ್ಜಿ, ಫೋನ್ ಮಾಡದ ಮಗ. ಅರ್ಧ ಸಿನಿಮಾ ಅಜ್ಜಿ ಬಾಗಿಲು ನೋಡುತ್ತಾಳೆ. ಇನ್ನರ್ಧ ಅಜ್ಜ ಅಜ್ಜಿಯನ್ನು ನೋಡುತ್ತಾನೆ.

ತೀರ್ಪುಗಾರರು ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು ಪರಮಶಿವಪ್ಪ, ಈಗ ರಿಟೈರ್ಡ್. ಮೈಕಿನಲ್ಲಿ ಹೇಳಿದರು: ‘ದೆವ್ವ, ಮಾಯ, ಮಂತ್ರ ಇವೆಲ್ಲ ಮಕ್ಕಳನ್ನ ಮಲಗ್ಸಕ್ಕೆ ಚಂದ. ಸಿನಿಮಾ ಅಂದ್ರೆ ಕಾಲು ನೆಲದ ಮೇಲಿರ್ಬೇಕು. ಆದ್ರೂ ಆ ಹೋರಿ ಅಲಂಕಾರ ಚೆನ್ನಾಗಿತ್ತು.’ ಜನ ನಕ್ಕರು. ನನಗೆ ‘ಉತ್ತಮ ವೇಷಭೂಷಣ’ ಅಂತ ಒಂದು ಪ್ಲಾಸ್ಟಿಕ್ ಶೀಲ್ಡು ಕೊಟ್ಟರು.

ಕೆಳಗಿಳಿದ ಮೇಲೆ ಅಡ್ಡಗಟ್ಟಿ ಕೇಳಿದೆ. ‘ಸಾರ್, ನಮ್ಮದ್ರಲ್ಲಿ ಏನು ಕಮ್ಮಿ ಇತ್ತು?’

‘ಕಮ್ಮಿ ಇರ್ಲಿಲ್ಲ ಕಣೋ ಗುತ್ಯಪ್ಪ, ಜಾಸ್ತಿ ಇತ್ತು.’

‘ಜನ ಎದ್ದು ನಿಂತಿದ್ರಲ್ಲ ಸಾರ್.’

‘ಜನ ಕರಡಿ ಕುಣಿಸಿದ್ರೂ ಎದ್ದು ನಿಲ್ತಾರೆ. ಕೊಟ್ಟಿದ್ದು ತಗೊಂಡು ಹೋಗು.’

ಅಪ್ಪ ಊರಿಂದ ಬಸ್ಸು ಹತ್ತಿ ಬಂದಿದ್ದ. ನನ್ನ ಕೆಲಸ ಅಂತ ಅವನು ಏನಾದರೂ ನೋಡಲು ಬಂದದ್ದು ಇದೇ ಮೊದಲು. ಬಹುಮಾನದ ಹೊತ್ತಿಗೆ ಕುರ್ಚಿ ಖಾಲಿ. ಮಗನನ್ನು ನೋಡಿ ಜನ ನಗುವುದನ್ನು ಅವನು ಬಾಗಿಲಲ್ಲಿ ನಿಂತು ಕೇಳಿರಬೇಕು. ಇದಕ್ಕೂ ಮೇಷ್ಟ್ರೇ ಲೆಕ್ಕ ಕೊಡಬೇಕು.

ಸೆಪ್ಟೆಂಬರ್ 22

ಶೀಲ್ಡನ್ನು ಕೋಳಿಗೂಡಿನ ಮೇಲೆ ಒಗೆದೆ. ತೂತು ಮುಚ್ಚಲು ಆಯಿತು.

ಅಪ್ಪ ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದ. ‘ಕರಿಯಂದು ಎಡಗೊಂಬು ಒಳಗೆ ಬಾಗಿತ್ತು. ನೀ ನೆಟ್ಟಗೆ ಮಾಡಿದೀಯ.’ ಆಮೇಲೆ ಸಾರು ಹಾಕಿಸಿಕೊಳ್ಳದೆ ಎದ್ದ.

ಕರಿಯ ನಮ್ಮ ಹೋರಿ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಕೆರೆಯ ಹೂಳಿನಲ್ಲಿ ಸಿಕ್ಕಿಕೊಂಡಿತು. ಅಪ್ಪ ಎದೆಮಟ್ಟ ಕೆಸರಿಗೆ ಇಳಿದು ಹಗ್ಗ ಹಿಡಿದಿದ್ದ. ಕೊನೆಗೆ ಬಿಟ್ಟ. ನಾನು ದಡದಲ್ಲಿದ್ದೆ. ಆಮೇಲೆ ನಮ್ಮ ಮನೆಯಲ್ಲಿ ಹೋರಿ ಕಟ್ಟಲಿಲ್ಲ, ಹೋರಿಯ ಮಾತೂ ಆಡಲಿಲ್ಲ.

ಆ ವರ್ಷ ಮೇಷ್ಟ್ರು ಪ್ರಬಂಧ ಬರೆಯಲು ಹೇಳಿದ್ದರು. ಕರಿಯ ಕೆರೆಯಿಂದ ಎದ್ದು ಬಂದ ಅಂತ ಬರೆದೆ. ಅಡ್ಡ ಗೀಟು ಎಳೆದು, ‘ಸತ್ತದ್ದು ಬರಲ್ಲ. ಕಂಡದ್ದನ್ನು ಬರೆ’ ಅಂತ ಕೆಂಪಿನಲ್ಲಿ ಬರೆದು ಕ್ಲಾಸಿನಲ್ಲಿ ಓದಿಸಿದರು. ಹತ್ತು ಮುಗಿಸಿದ ಮೇಲೆ ನಾನು ಮತ್ತೆ ಯಾವ ಶಾಲೆಯ ಕಡೆಯೂ ತಲೆ ಹಾಕಲಿಲ್ಲ. ಗ್ಯಾರೇಜು, ಬೇಕರಿ, ಲಾರಿ ಕ್ಲೀನರು, ಯಾವುದರಲ್ಲೂ ನಿಲ್ಲಲಿಲ್ಲ. ಈಗ ಶಿಕಾರಿಪುರದಲ್ಲಿ ಪುಟ್ಟಪ್ಪನ ಶಾಮಿಯಾನ ಅಂಗಡಿ.

ಅಂದರೆ ಮೇಷ್ಟ್ರು ನನಗೆ ಎರಡು ಸಲ ಗೀಟು ಎಳೆದಿದ್ದಾರೆ.

ಸೆಪ್ಟೆಂಬರ್ 28

ಶಾಲಿನಿ ಕಾಲೇಜಿಂದ ಬಂದಿದ್ದಳು. ಕೈಯಲ್ಲಿ ಮೊಬೈಲು.

‘ಗುತ್ಯಣ್ಣ, ಇದು ನಿಂಗೊಬ್ನಿಗೇ ಆಗಿದ್ದಲ್ಲ ಮಾರಾಯ. ಆಸ್ಕರ್ ಕೊಡೋರೂ ಹಿಂಗೇಯ.’

ಕೂತು ನೋಡಿದೆವು. ನಿಜ. ಬೆಂಕಿ ಉಗುಳುವ ಹಾವು, ಮಾತಾಡುವ ಮರ, ಗಾಳಿಯಲ್ಲಿ ತೇಲುವ ಊರು, ಎಂಥೆಂಥ ಸಿನಿಮಾ ಮಾಡಿದ್ದಾರೆ. ಬಟ್ಟೆಗೆ ಪ್ರಶಸ್ತಿ, ಬಣ್ಣಕ್ಕೆ ಪ್ರಶಸ್ತಿ, ಸದ್ದಿಗೆ ಪ್ರಶಸ್ತಿ, ಗ್ರಾಫಿಕ್ಸಿಗೆ ಪ್ರಶಸ್ತಿ. ಒಳ್ಳೇ ಸಿನಿಮಾ ಅಂತ ಕೊಡುವ ಹೊತ್ತಿಗೆ ಮಾತ್ರ ಯಾರೋ ಕೋಣೆಯಲ್ಲಿ ಕೂತು ಅಳುವ ಸಿನಿಮಾಕ್ಕೆ. ನೂರು ವರ್ಷ ಆಗುತ್ತಾ ಬಂತು, ಮಾಯದ ಕಥೆಗೆ ದೊಡ್ಡ ಪ್ರಶಸ್ತಿ ಸಿಕ್ಕಿದ್ದನ್ನು ಒಂದು ಕೈ ಬೆರಳಲ್ಲಿ ಎಣಿಸಬಹುದು. ದೆವ್ವಕ್ಕೆ ಬಟ್ಟೆ ಹೊಲಿದವನಿಗೆ ಮರ್ಯಾದೆ, ದೆವ್ವಕ್ಕೆ ಇಲ್ಲ.

‘ಕೊಟ್ಟಿದ್ದೂ ಉಂಟು ನೋಡು,’ ಅಂದಳು ಶಾಲಿನಿ. ‘ಒಂದಕ್ಕೆ ಹನ್ನೊಂದು ಪ್ರಶಸ್ತಿ ಒಟ್ಟಿಗೆ. ಅದೂ ಮೂರನೇ ಭಾಗಕ್ಕೆ. ಮೊದ್ಲಿನ ಎರಡಕ್ಕೆ ದೊಡ್ಡದು ಕೊಟ್ಟಿರ್ಲಿಲ್ಲ.’

‘ಅಂದ್ರೆ ಮೂರು ಸಲ ಬಾಗಿಲು ಬಡಿಬೇಕಾ?’

‘ಕೊಡೋರಿಗೆ ನಾಚ್ಕೆ ಅಣ್ಣಾ. ನೋಡೋವಾಗ ಬಾಯಿ ಬಿಟ್ಕಂಡು ನೋಡ್ತಾರೆ. ಮಾರ್ಕ್ಸ್ ಹಾಕೋವಾಗ ಮೊದ್ಲು ಬಾಯಿ ಮುಚ್ಕಂತಾರೆ.’

ಅಮೆರಿಕದವರನ್ನು ನಾನು ಏನೂ ಮಾಡಲು ಆಗುವುದಿಲ್ಲ. ಮೇಷ್ಟ್ರ ಮನೆಗೆ ಬಸ್ಸಿದೆ.

ಅಕ್ಟೋಬರ್ 9

ದೇವರು ಇದ್ದಾನೆ. ಮೇಷ್ಟ್ರು ತಾವಾಗಿಯೇ ಅಂಗಡಿಗೆ ಬಂದರು.

ದೀಪಾವಳಿ ಕಳೆದ ಮೇಲೆ ಸೊರಬದ ಹತ್ತಿರ ಅವರ ಊರು ಗುಡವಿಯಲ್ಲಿ ಹೋರಿ ಹಬ್ಬ. ಮೇಷ್ಟ್ರ ಮನೆ ಹೋರಿ ಓಡುತ್ತದೆ. ಅದರ ಕೊಂಬಿನ ಮೇಲೆ ನಿಲ್ಲಿಸಲು ಪೀಪಿ ಬೇಕಂತೆ. ಪೀಪಿ ಅಂದರೆ ಬಲೂನು, ರಿಬ್ಬನ್ನು ಕಟ್ಟಿದ ಎತ್ತರದ ಗೋಪುರ. ಈ ಸುತ್ತಮುತ್ತ ಪೀಪಿ ಕಟ್ಟುವುದರಲ್ಲಿ ನಮ್ಮ ಅಂಗಡಿಗೆ ಹೆಸರಿದೆ. ಕಟ್ಟುವವನು ನಾನು.

‘ಹೋರಿ ಹೆಸ್ರೇನ್ರಿ ಮೇಷ್ಟ್ರೆ?’ ಪುಟ್ಟಪ್ಪ ಕೇಳಿದ.

‘ಗುಡವಿ ಗರುಡ.’

ನನಗೆ ತಡೆಯಲಾಗಲಿಲ್ಲ. ‘ಗರುಡ ಅಂದ್ರೆ ಹಕ್ಕಿ ಅಲ್ವಾ ಸಾರ್? ಇದಕ್ಕೆ ರೆಕ್ಕೆ ಎಲ್ಲೈತೆ?’

‘ಓಡೋವಾಗ ಬಂದು ನೋಡು. ಕಾಲು ನೆಲಕ್ಕೆ ತಾಗಲ್ಲ.’

ಓಹೋ. ಸಿನಿಮಾದ ಕಾಲು ಮಾತ್ರ ನೆಲದ ಮೇಲಿರಬೇಕು.

ಮಧ್ಯಾಹ್ನ ಬಿರಿಯಾನಿ ತಿನ್ನುವಾಗ ಉಪಾಯ ಹೊಳೆಯಿತು. ಪೀಪಿ ಮುರಿಯುವಂತೆ ಮಾಡಬಹುದಿತ್ತು. ಅದು ಹೇಡಿ ಕೆಲಸ, ಜತೆಗೆ ಪುಟ್ಟಪ್ಪನ ಹೆಸರು ಹಾಳು. ಮೇಷ್ಟ್ರು ನನಗೆ ಏನು ಮಾಡಿದರೋ ಅದನ್ನೇ ಅವರಿಗೆ ಮಾಡಬೇಕು. ಹಬ್ಬದಲ್ಲಿ ಮೊದಲ ಬಹುಮಾನ ಯಾರ ಕೈಗೂ ಸಿಗದೆ ಜೋರಾಗಿ ಓಡಿದ ಹೋರಿಗೆ. ಅಲಂಕಾರಕ್ಕೆ ಬೇರೆ, ಸಣ್ಣದು, ಸಮಾಧಾನಕ್ಕೆ ಕೊಡುವುದು. ಓಡುವ ಹೋರಿಯ ಪೀಪಿ ಹಗುರ ಇರಬೇಕು, ಬಿದಿರಿನ ತೆಳು ಸೀಳಿನದು. ನಾನು ಕಬ್ಬಿಣದ ಪಟ್ಟಿ ಹಾಕುತ್ತೇನೆ. ಎರಡು ತಾಲ್ಲೂಕಿನಲ್ಲಿ ಯಾರೂ ಕಾಣದಂಥ ಪೀಪಿ ಕಟ್ಟುತ್ತೇನೆ. ಭಾರಕ್ಕೆ ಹೋರಿ ಓಡುವುದಿಲ್ಲ. ಎಲ್ಲರೆದುರು ಮೈಕಿನಲ್ಲಿ ಹೇಳುತ್ತಾರೆ, ‘ಗುಡವಿ ಗರುಡ, ಅಲಂಕಾರದ ಬಹುಮಾನ.’

ಆಗ ನಾನು ಹತ್ತಿರ ಹೋಗಿ ಹೇಳುತ್ತೇನೆ: ‘ಸಾರ್, ಅಲಂಕಾರ ಚೆನ್ನಾಗಿತ್ತು.’

ಬಿರಿಯಾನಿ ಇನ್ನೊಂದು ಪ್ಲೇಟು ತಿಂದೆ.

ಅಕ್ಟೋಬರ್ 12

ಅಳತೆ ತೆಗೆಯಲು ಮೇಷ್ಟ್ರ ಮನೆಗೆ ಹೋಗಿದ್ದೆ. ಅವರು ತೋಟದ ಕಡೆ ಹೋಗಿದ್ದರು. ಹೆಂಡತಿ ರಾಜೇಶ್ವರಮ್ಮ ಅವಲಕ್ಕಿ ಕೊಟ್ಟರು. ‘ಅಯ್ಯಯ್ಯಪ್ಪಾ’ ಅಂದ ಹೆಂಗಸು ಅವರೇ ಅಂತ ದನಿಯಿಂದ ಗೊತ್ತಾಯಿತು.

‘ನಿನ್ ಸಿನ್ಮಾ ನೋಡಿ ನಂಗೆ ಮೈ ನಡುಗಿತ್ತಪ್ಪ. ಇವ್ರು ಮನೆಗ್ ಬಂದು ಊಟ ಮಾಡ್ಲಿಲ್ಲ. ಕೊಟ್ಟಿಗೇಲಿ ಗರುಡನ್ ಪಕ್ಕ ಕೂತಿದ್ರು. ಏನಾತ್ರೀ ಅಂದ್ರೆ ಸೊಳ್ಳೆ ಓಡಿಸ್ತಿದೀನಿ ಅಂದ್ರು.’

ಪಾಪ ಅನ್ನಬೇಕಂತೆ. ನಾನು ಅನ್ನಲಿಲ್ಲ. ಅವಲಕ್ಕಿ ಚೆನ್ನಾಗಿತ್ತು, ಅದು ಬೇರೆ ವಿಷಯ.

ಹೋರಿ ಬೂದು ಬಣ್ಣದ್ದು, ಕಿವಿ ಬಿಸಿ. ಹಣೆ ಅಳೆಯುವಾಗ ನನ್ನ ಅಂಗಿ ತೋಳು ನೆಕ್ಕಿತು.

ಅಕ್ಟೋಬರ್ 17

ಚೌಕಟ್ಟು ಬೆಸುಗೆ ಆಯಿತು. ಭಾರ ಸರಿಯಾಗಿದೆ.

ಪುಟ್ಟಪ್ಪ ಎತ್ತಿ ನೋಡಿ, ‘ಲೇ, ಇದನ್ ಹೊತ್ತು ಹೋರಿ ಓಡ್ತತೋ, ನಿದ್ದಿ ಮಾಡ್ತತೋ?’ ಅಂದ. ‘ಮೇಷ್ಟ್ರು ಗಟ್ಟಿ ಇರ್ಲಿ ಅಂದಾರೆ’ ಅಂತ ಸುಳ್ಳು ಹೇಳಿದೆ.

ಅಕ್ಟೋಬರ್ 25

ಎಲ್ಲರೂ ಕೆಂಪು, ಹಳದಿ ಬಲೂನು ಕಟ್ಟುತ್ತಾರೆ. ನಾನು ಬಣ್ಣವಿಲ್ಲದ, ಆಚೆಗಿನದು ಕಾಣುವ ಬಲೂನು ಶಿವಮೊಗ್ಗದಿಂದ ತಂದೆ, ಸಣ್ಣದು ದೊಡ್ಡದು. ಕೆಳಗಿಂದ ಮೇಲಕ್ಕೆ ಕಟ್ಟಿದರೆ ನೀರಲ್ಲಿ ಗುಳ್ಳೆ ಏಳುವ ಹಾಗೆ ಕಾಣುತ್ತದೆ. ಕೆರೆಯ ಪಾಚಿಯ ಹಸಿರಿನ ರಿಬ್ಬನ್ನು. ಬೆನ್ನ ಮೇಲಿನ ಬಟ್ಟೆಗೆ ಬೆಳ್ಳಿ ಜರಿ ಇಳಿಬಿಟ್ಟಿದ್ದೇನೆ, ನಡೆದರೆ ಮೈಯಿಂದ ನೀರು ಸುರಿದ ಹಾಗೆ.

ಕಬ್ಬಿಣ ಹಣೆಗೆ ಒತ್ತಬಾರದು ಅಂತ ಒಳಗೆ ಹತ್ತಿ ಇಟ್ಟು ಹಳೇ ಕಂಬಳಿ ಸುತ್ತಿದೆ. ಜಗಳ ಮೇಷ್ಟ್ರ ಜತೆ, ಹೋರಿಯ ಜತೆ ಅಲ್ಲ.

ಎಡಗೊಂಬಿಗೆ ತಗಡಿನ ಕವಚ ಮಾಡಿ ತುದಿ ಒಳಗೆ ಬಾಗಿಸಿದೆ. ಸೇಡಿಗೆ ಇದರ ಅಗತ್ಯ ಇರಲಿಲ್ಲ. ಮೂರು ಸಲ ಬಿಚ್ಚಿ ಮತ್ತೆ ಬಾಗಿಸಬೇಕಾಯಿತು. ಅಂಗಡಿಯಿಂದ ಅಪ್ಪನಿಗೆ ಫೋನು ಮಾಡಿ ಕೇಳಿದೆ, ‘ಎಷ್ಟು ಬಾಗಿತ್ತು?’ ‘ನೀರು ಕುಡಿಯೋವಾಗ ತುದಿ ಕಣ್ಣಿನ ಹತ್ರ ಬರ್ತಿತ್ತು’ ಅಂದ. ಅಷ್ಟು ಬಾಗಿಸಿದೆ.

ನವೆಂಬರ್ 1

ನಾಳೆ. ಹೇಳಬೇಕಾದ ಮಾತನ್ನು ಕನ್ನಡಿ ಮುಂದೆ ಹೇಳಿ ನೋಡಿದೆ. ನಗಬಾರದು. ತಲೆ ಸ್ವಲ್ಪ ಓರೆ ಮಾಡಿ ಹೇಳಬೇಕು, ಅವರು ಹೇಳಿದ ಹಾಗೆಯೇ.

ನವೆಂಬರ್ 2, ಭಾನುವಾರ

ಆಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಮೇಷ್ಟ್ರ ಅಂಗಳದಲ್ಲಿ ಪೀಪಿ ಕಟ್ಟಿದೆ. ರಾಜೇಶ್ವರಮ್ಮ ಆರತಿ ತಟ್ಟೆ ಹಿಡಿದುಕೊಂಡು ಬಂದವರು ಹಾಗೇ ನಿಂತರು. ಮೇಷ್ಟ್ರು ಒಂದು ಸುತ್ತು ಬಂದು, ಚೌಕಟ್ಟಿನ ಮೇಲೆ ಉಗುರಿನಿಂದ ಬಡಿದರು. ಟಣ್ ಅಂದಿತು. ಅವರು ಒಂದು ರಿಬ್ಬನ್ನಿನ ಗಂಟಿಗೆ ಕೈ ಹಾಕಿದರು, ಹಿಡಿದರು, ಬಿಟ್ಟರು. ‘ಹೊರಡ್ಸಿ’ ಅಂದರು.

ಅಪ್ಪ ಬಂದಿದ್ದ. ಶಾಲಿನಿ ಕರೆತಂದಿದ್ದಳು. ಕರಿಯ ಹೋದ ಮೇಲೆ ಅವನು ಹೋರಿ ಹಬ್ಬಕ್ಕೆ ಬಂದದ್ದು ಇದೇ ಮೊದಲು. ಬೇಲಿಯ ಹತ್ತಿರ, ಎಲ್ಲರಿಗಿಂತ ಹಿಂದೆ ನಿಂತಿದ್ದ.

ಉಳಿದ ಹೋರಿಗಳು ಗುಂಡು ಹೊಡೆದ ಹಾಗೆ ಓಡಿದವು. ಹುಡುಗರು ಮೈಮೇಲೆ ಬಿದ್ದು ಹಿಡಿಯಲು ನೋಡುವುದು, ಬೀಳುವುದು, ಧೂಳು, ಸಿಳ್ಳೆ. ಆಮೇಲೆ ಮೈಕಿನಲ್ಲಿ ‘ಗುಡವಿ ಗರುಡಾ’ ಅಂತ ಕೂಗಿದರು.

ಹೋರಿ ಬಂತು. ನಡೆದುಕೊಂಡು ಬಂತು.

‘ಏಯ್, ಇದು ಓಡ್ತತೋ, ಮದ್ವಿಗೆ ಹೊಂಟತೋ!’ ಯಾರೋ ಕೂಗಿದ.

‘ಮೇಷ್ಟ್ರೆ, ಹೋರಿಗೂ ರಿಟೈರ್ಮೆಂಟಾ?’

ಇಡೀ ಬಯಲು ನಕ್ಕಿತು. ನಾನು ಬಯಸಿದ್ದ ನಗು ಅದು. ಮೇಷ್ಟ್ರ ಮುಖ ನೋಡಲು ತಿರುಗಿದೆ. ನೋಡಲು ಆಗಲಿಲ್ಲ. ಯಾಕೆಂದರೆ ನಗು ನಿಂತುಹೋಗಿತ್ತು.

ಹೋರಿ ಬಯಲಿನ ನಡುವಿಗೆ ಬಂದಿತ್ತು. ಬಿಸಿಲು ಬಲೂನಿನ ಒಳಗೆ ಹೊಕ್ಕಿತ್ತು, ಜರಿ ಸುರಿಯುತ್ತಿತ್ತು, ಹಸಿರು ರಿಬ್ಬನ್ನು ಕಾಲಿಗೆ ಸುತ್ತಿಕೊಂಡು ಬಿಡುತ್ತಿತ್ತು. ಕಟ್ಟಿದವನು ನಾನು, ಒಂದೊಂದು ಗಂಟೂ ನನಗೆ ಗೊತ್ತು. ಆದರೂ ಅದು ನೀರಿನಿಂದ ಬರುತ್ತಿದೆ ಅಂತಲೇ ಅನ್ನಿಸಿತು. ಹಿಡಿಯಲು ನಿಂತಿದ್ದ ಹುಡುಗರು ದಾರಿ ಬಿಟ್ಟು ಹಿಂದೆ ಸರಿದರು. ಒಬ್ಬನೂ ಕೈ ಹಾಕಲಿಲ್ಲ. ಅಪ್ಪ ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದಿದ್ದ, ದೇವರ ಮುಂದೆ ನಿಂತ ಹಾಗೆ. ಹೋರಿ ಅವನ ಮುಂದೆಯೇ ಹಾದು ಹೋಯಿತು.

ಬಹುಮಾನ ನಾನು ಅಂದುಕೊಂಡ ಹಾಗೆಯೇ ಬಂತು. ಮೊದಲನೆಯದು, ಬೈಕು, ಆನವಟ್ಟಿ ಕಡೆಯ ಒಂದು ಹೋರಿಗೆ. ‘ಗುಡವಿ ಗರುಡ, ಅಲಂಕಾರದ ಬಹುಮಾನ. ಟೇಬಲ್ ಫ್ಯಾನು.’

ಮೇಷ್ಟ್ರು ವೇದಿಕೆ ಹತ್ತಿದರು. ಕಮಿಟಿಯ ಚಂದ್ರಶೇಖರಪ್ಪನ ಜತೆ ಜಗಳ, ಅದೂ ಮೈಕು ಆನ್ ಇರುವಾಗಲೇ.

‘ಅಲಂಕಾರ ಅಂದ್ರೇನ್ರೀ? ಒಬ್ರು ಕೈ ಹಾಕಿದ್ರಾ ಅದಕ್ಕೆ? ಜನ ಉಸಿರು ಹಿಡ್ಕೊಂಡಿದ್ದು ನಿಮಗೆ ಕಾಣ್ಲಿಲ್ವಾ?’

‘ಕಂಡ್ತು ಮೇಷ್ಟ್ರೆ. ಆದ್ರೆ ಅದು ಓಟ ಅಲ್ಲಲ್ರೀ. ಚಂದ ಇತ್ತು, ಚಂದಕ್ಕೆ ಕೊಟ್ಟೀವಿ. ತಗೊಂಡು ಹೋಗ್ರಿ.’

ಮೇಷ್ಟ್ರು ಫ್ಯಾನಿನ ಡಬ್ಬ ಹಿಡಿದುಕೊಂಡು ಕೆಳಗಿಳಿದರು. ನಾನು ಎದುರಿಗೆ ಹೋದೆ. ತಲೆ ಓರೆ ಮಾಡಿದೆ.

‘ಸಾರ್, ಅಲಂಕಾರ ಚೆನ್ನಾಗಿತ್ತು.’

ಅವರು ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಡಬ್ಬ ಕೆಳಗಿಟ್ಟು ಅದರ ಮೇಲೆ ಕೂತರು.

‘ಕಬ್ಬಿಣ ಹಾಕಿದ್ದೆ ಅಲ್ವೇನೋ.’

ಓರೆ ಮಾಡಿದ್ದ ತಲೆ ನೆಟ್ಟಗೆ ಮಾಡಿಕೊಂಡೆ.

‘ಹುಟ್ಟಿದಾಗಿಂದ ಹೋರಿ ಕಟ್ಟಿದೋನು ನಾನು. ಬೆಳಿಗ್ಗೆ ಬಡಿದಾಗ್ಲೇ ಗೊತ್ತಾಯ್ತು, ಇದು ಓಡಲ್ಲ ಅಂತ. ಬಿಚ್ಚಿಸೋಣ ಅಂತ ಕೈನೂ ಹಾಕ್ದೆ. ಮನಸ್ಸು ಬರ್ಲಿಲ್ಲ ಕಣೋ. ಅದನ್ನ ಒಂದ್ಸಲ ಬಯಲಲ್ಲಿ ನೋಡ್ಬೇಕು ಅನ್ನಿಸ್ತು. ಬೈಕು ಹೋದ್ರೆ ಹೋಗ್ಲಿ.’

‘ಮತ್ತೆ ಸಿನಿಮಾಕ್ಕೆ ಯಾಕೆ ಸಾರ್...’

‘ಹೆದ್ರಿದ್ದೆ. ಪರಮಶಿವಪ್ಪ ಹೋರಿ ದೆವ್ವಕ್ಕೆ ಫಸ್ಟ್ ಕೊಟ್ಟ ಅಂತ ಊರು ನಗುತ್ತೆ ಅಂತ.’ ಬಯಲಿನ ಕಡೆ ನೋಡಿದರು. ‘ಇವತ್ತು ನಕ್ಕಿತಲ್ಲ. ಏನಾಯ್ತು?’

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿ ಕಡೆ ಮುಖ ಮಾಡಿಕೊಂಡಿದ್ದ. ಊರು ಹತ್ತಿರ ಬಂದಾಗ ಹೇಳಿದ, ‘ಏನೂ ಮಾಡ್ಲಿಲ್ಲ ನೋಡು. ನನ್ ಮುಂದೇ ಬಂತು. ಸುಮ್ನೆ ನೋಡ್ಕಂಡು ಹೋತು.’

ನವೆಂಬರ್ 3

ಸಿಟ್ಟು ಬಂದಿದೆ. ಗೊತ್ತಿದ್ದೂ ಸೋತವನ ಮೇಲೆ ಸೇಡು ತೀರಿಸಿಕೊಂಡ ಹಾಗೆ ಹೇಗೆ ಆಗುತ್ತದೆ? ನನ್ನ ಸೇಡಿಗೂ ಮೇಷ್ಟ್ರು ಗೀಟು ಎಳೆದರು. ಮೂರನೇ ಸಲ.

ಪುಟ್ಟಪ್ಪ ಎರಡು ಸಲ ಕರೆದ. ಕೆಲಸಕ್ಕೆ ಹೋಗಲಿಲ್ಲ. ಹೋರಿಯ ಹಣೆ ಕೆಂಪಾಗಿದೆಯಾ ಅಂತ ಕೇಳಲು ರಾಜೇಶ್ವರಮ್ಮನಿಗೆ ಫೋನು ಮಾಡಿದ್ದು ಬಿಟ್ಟರೆ ಇವತ್ತು ಏನೂ ಮಾಡಲಿಲ್ಲ. ಕೆಂಪಾಗಿಲ್ಲವಂತೆ.

ನವೆಂಬರ್ 9

ಮೇಷ್ಟ್ರನ್ನು ಬಿಡುವುದಿಲ್ಲ ಅಂದಿದ್ದೆ, ಬಿಡುವುದಿಲ್ಲ. ಹೊಸ ಉಪಾಯ ಮಾಡಿದ್ದೇನೆ. ಎರಡನೇ ಭಾಗ ತೆಗೆಯುತ್ತೇವೆ. ಹಗ್ಗ ಬಿಟ್ಟವನ ಪಾತ್ರ ಮೇಷ್ಟ್ರದು. ಬೆಳಗಿನ ಚಳಿಯಲ್ಲಿ ನಮ್ಮೂರ ಕೆರೆಯಲ್ಲಿ ಎದೆಮಟ್ಟ ನಿಲ್ಲಿಸುತ್ತೇನೆ. ಸರಿಯಾಗಿ ಬಂದರೂ ‘ಇನ್ನೊಂದ್ಸಲ ಸಾರ್’ ಅನ್ನುತ್ತೇನೆ. ಹೋಗಿ ಕೇಳಿದರೆ, ಡೈಲಾಗು ಎಷ್ಟಿದೆ ಅಂತ ಕೇಳಿದರು. ಒಂದೂ ಇಲ್ಲ ಅಂದೆ. ಮುಖ ಸಣ್ಣದಾಯಿತು. ಖುಷಿಯಾಯಿತು.

ಗರುಡನನ್ನು ಕೊಡುತ್ತಾರಂತೆ. ಮುಂದಿನ ಸ್ಪರ್ಧೆಗೆ ತೀರ್ಪುಗಾರರಾಗಿ ಕೂರುವುದಿಲ್ಲವಂತೆ. ಬರುವವರು ಯಾರೋ, ಅವರೂ ಅಲಂಕಾರಕ್ಕೇ ಕೊಡಬಹುದು. ಕೊಡಲಿ. ಮೂರನೇ ಭಾಗವೂ ತೆಗೆಯುತ್ತೇನೆ.

ಕಥೆಯ ಕೊನೆ ಮಾತ್ರ ಬದಲಾಗಿದೆ. ಹೋರಿ ಅವನನ್ನು ನೀರಿಗೆ ಒಗೆಯುವುದಿಲ್ಲ. ಒಗೆದರೆ ಮೇಷ್ಟ್ರ ವಯಸ್ಸಿಗೆ ಸೊಂಟ ಮುರಿಯುತ್ತದೆ, ಅದಕ್ಕೆ ಬೇಡ ಅಂತ ಶಾಲಿನಿಗೆ ಹೇಳಿದೆ. ಹೋರಿ ಅವನ ಹತ್ತಿರ ಬಂದು ಕತ್ತು ಬಗ್ಗಿಸಿ ನಿಲ್ಲುತ್ತದೆ. ಅವನು ಹಗ್ಗ ಹಾಕುತ್ತಾನೆ. ಇಬ್ಬರೂ ದಡ ಹತ್ತಿ ಮನೆ ಕಡೆ ಹೋಗುತ್ತಾರೆ.

ಗಂಟು ಹೇಗೆ ಹಾಕಬೇಕು ಅಂತ ಮೇಷ್ಟ್ರಿಗೆ ತೋರಿಸಲು ಅಪ್ಪ ಬರುತ್ತೇನೆ ಅಂದಿದ್ದಾನೆ. ಕರಿಯನ ಹಗ್ಗವನ್ನು ಅಟ್ಟದಿಂದ ತಾನೇ ಇಳಿಸಿ, ಅಂಗಳದಲ್ಲಿ ಬಿಸಿಲಿಗೆ ಹಾಕಿದ್ದಾನೆ.